ಹಂಚಿಕೆಯ ಡೇಟಾಬೇಸ್ ಸಂಪರ್ಕ ಸೆಟ್ಟಿಂಗ್‌ಗೆ ಬೀಗ ಹಾಕಿದ ಮೇಲೆ ಬರುವ ದೋಷಗಳನ್ನು ಪತ್ತೆ ಹಚ್ಚುವ ಬಗೆ

ಮಂಡ್ಯದ ಒಂದು ಬೆಲ್ಲದ ಮಂಡಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ತೂಕದ ಜಾಗದಲ್ಲಿ ಒಂದು, ಬಿಲ್ ಕೌಂಟರ್‌ನಲ್ಲಿ ಎರಡು, ಲೆಕ್ಕಪತ್ರದ ಕೋಣೆಯಲ್ಲಿ ಎರಡು, ಸಾಹುಕಾರರ ಮೇಜಿನ ಮೇಲೆ ಒಂದು, ಹೀಗೆ ಆರು ಕಂಪ್ಯೂಟರ್‌ಗಳಿವೆ. ಹಿಂದಿನ ಕೋಣೆಯಲ್ಲಿ ವಿಂಡೋಸ್ ಇರುವ ಒಂದು ಸರ್ವರ್ ಇದ್ದು, ಅದರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 15ನೇ ಆವೃತ್ತಿ ನಡೆಯುತ್ತದೆ. ಆಲೆಮನೆಗಳಿಂದ ಬರುವ ಅಚ್ಚು, ಬಕೆಟ್, ಕುರಿಕಟ್ಟು ಬೆಲ್ಲದ ಲಾಟ್‌ಗಳು, ಅವುಗಳ ತೂಕ, ಹರಾಜಿನ ದರ, ರೈತರ ಖಾತೆ, ಖರೀದಿದಾರರ ಬಾಕಿ ಎಲ್ಲವೂ ಅದರಲ್ಲೇ ದಾಖಲಾಗುತ್ತವೆ.

ಬಹಳ ಕಾಲ ಈ ಆರೂ ಕಂಪ್ಯೂಟರ್‌ಗಳು ಒಂದೇ ಬಳಕೆದಾರ ಖಾತೆಯಿಂದ, ಒಂದೇ ಪಾಸ್‌ವರ್ಡ್‌ನಿಂದ ಡೇಟಾಬೇಸ್‌ಗೆ ಹೋಗುತ್ತಿದ್ದವು. ಸರ್ವರ್‌ನ ವಿಳಾಸ, 5432 ಎಂಬ ಪೋರ್ಟ್ ಸಂಖ್ಯೆ, ಡೇಟಾಬೇಸ್‌ನ ಹೆಸರು, ಬಳಕೆದಾರರ ಹೆಸರು, ಪಾಸ್‌ವರ್ಡ್ ಇವೆಲ್ಲ ಹಂಚಿಕೆಯ ಫೋಲ್ಡರ್‌ನಲ್ಲಿದ್ದ ಒಂದು ಸಾದಾ ಪಠ್ಯ ಫೈಲ್‌ನಲ್ಲಿದ್ದವು ಮತ್ತು ಆ ಫೈಲ್ ಅನ್ನು ಯಾರು ಬೇಕಾದರೂ ತೆರೆದು ತಿದ್ದಬಹುದಾಗಿತ್ತು. ಒಂದು ದಿನ ಕೌಂಟರ್‌ನ ಸಿಬ್ಬಂದಿಯೊಬ್ಬರು ತಮ್ಮ ಕಂಪ್ಯೂಟರ್‌ಗಷ್ಟೇ ಸಂಬಂಧಿಸಿದ್ದೆಂದು ತಿಳಿದು ಆ ಫೈಲ್‌ನಲ್ಲಿ ಸರ್ವರ್‌ನ ವಿಳಾಸವನ್ನು ಬದಲಿಸಿದರು. ತೂಕದ್ದನ್ನು ಬಿಟ್ಟು ಉಳಿದ ಐದೂ ಕಂಪ್ಯೂಟರ್‌ಗಳು ಒಟ್ಟಿಗೆ ನಿಂತವು. ಅವರ ತಪ್ಪೆಂದು ನಾನು ಹೇಳಲಾರೆ. ತಿದ್ದಬಾರದ ಫೈಲ್ ಅನ್ನು ತಿದ್ದಲು ಬರುವಂತೆ ಇಟ್ಟಿದ್ದು ನಾನು. ಆ ವಾರದ ಭಾನುವಾರ ಕುಳಿತು ಫೈಲ್‌ಗೆ ಬೀಗ ಹಾಕಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ಮಾಡಿ, ಸರ್ವರ್‌ನ ನಿಯಮಗಳನ್ನು ಬಿಗಿ ಮಾಡಿದೆ. ಸೋಮವಾರ ಬೆಳಿಗ್ಗೆ ಒಂದೊಂದು ಮೇಜಿನಲ್ಲಿ ಒಂದೊಂದು ಬಗೆಯ ದೋಷ ಕಾಣಿಸಿಕೊಂಡಿತು. ಅವುಗಳನ್ನು ಒಂದೊಂದಾಗಿ ಬಿಡಿಸಿದ ಬಗೆಯನ್ನು, ಆ ಬಳಿಕ ಬೇರೆಡೆ ನಾನು ಕಂಡ ಇಂಥವೇ ದೋಷಗಳನ್ನು ಇಲ್ಲಿ ಬರೆದಿದ್ದೇನೆ.

ಯಾವ ಬಾಗಿಲಲ್ಲಿ ತಡೆಯಾಯಿತು ಎಂಬುದನ್ನು ಮೊದಲು ತಿಳಿಯಬೇಕು

ಒಂದು ಪ್ರೋಗ್ರಾಂ ಡೇಟಾಬೇಸ್‌ನ ಒಂದು ಸಾಲನ್ನು ಓದಬೇಕಾದರೆ ನಾಲ್ಕು ಬಾಗಿಲು ದಾಟಬೇಕು. ಸೆಟ್ಟಿಂಗ್ ಇರುವ ಫೈಲ್ ಅನ್ನೋ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯನ್ನೋ ಅದು ಓದಬೇಕು. ಬಳಿಕ ಸರ್ವರ್ ಅನ್ನು ತಲುಪಿ, ಪಿಜಿ_ಎಚ್‌ಬಿಎ.ಕಾನ್ಫ್ ಎಂಬ ಫೈಲ್‌ನಲ್ಲಿರುವ ಯಾವುದಾದರೊಂದು ನಿಯಮಕ್ಕೆ ಹೊಂದಿ, ಪಾಸ್‌ವರ್ಡ್ ಒಪ್ಪಿಸಬೇಕು. ಆ ನಿರ್ದಿಷ್ಟ ಡೇಟಾಬೇಸ್‌ನೊಳಕ್ಕೆ ಬರಲು ‘ಕನೆಕ್ಟ್’ ಎಂಬ ಅನುಮತಿ ಇರಬೇಕು. ಕೊನೆಯದಾಗಿ ಕೋಷ್ಟಕಗಳನ್ನು ಗುಂಪಾಗಿಡುವ ಸ್ಕೀಮಾ, ಕೋಷ್ಟಕ, ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್ ಇವುಗಳ ಮೇಲೆ ಹಕ್ಕಿರಬೇಕು. ಬೀಗ ಹಾಕುವಾಗ ಈ ನಾಲ್ಕನ್ನೂ ಒಂದೇ ದಿನ ಮುಟ್ಟಿದ್ದು ನಾನು ಮಾಡಿದ ದೊಡ್ಡ ತಪ್ಪು. ದಿನಕ್ಕೆ ಒಂದು ಬಾಗಿಲನ್ನು ಮಾತ್ರ ಮುಟ್ಟಿದ್ದರೆ ಸೋಮವಾರದ ಗೊಂದಲದ ಮುಕ್ಕಾಲು ಪಾಲು ಇರುತ್ತಲೇ ಇರಲಿಲ್ಲ.

ಪ್ರತಿ ಬಾಗಿಲಿಗೂ ಅದರದೇ ಆದ ದೋಷಸಂದೇಶವಿದೆ. ‘ನೋ ಪಿಜಿ_ಎಚ್‌ಬಿಎ.ಕಾನ್ಫ್ ಎಂಟ್ರಿ’ ಎಂದು ಬಂದರೆ ನಿಯಮಗಳ ಫೈಲ್‌ನಲ್ಲಿ ಆ ವಿಳಾಸ, ಆ ಬಳಕೆದಾರ, ಆ ಡೇಟಾಬೇಸ್ ಮೂರಕ್ಕೂ ಒಟ್ಟಿಗೆ ಹೊಂದುವ ಸಾಲು ಇಲ್ಲವೆಂದು ಅರ್ಥ. ಇದರ ಸಂಕೇತ 28000. ‘ಪಾಸ್‌ವರ್ಡ್ ಅಥೆಂಟಿಕೇಷನ್ ಫೇಲ್ಡ್’ ಎಂಬುದಕ್ಕೆ 28ಪಿ01. ಡೇಟಾಬೇಸ್‌ಗೆ ಪ್ರವೇಶ ಇಲ್ಲದಿದ್ದರೂ ಕೋಷ್ಟಕದ ಮೇಲೆ ಹಕ್ಕಿಲ್ಲದಿದ್ದರೂ ಸಂಕೇತ 42501 ಒಂದೇ, ಆದರೆ ಸಂದೇಶದಲ್ಲಿ ‘ಪರ್ಮಿಷನ್ ಡಿನೈಡ್ ಫಾರ್’ ಎಂಬುದರ ಮುಂದೆ ಬರುವ ಪದ ಡೇಟಾಬೇಸ್ ಎಂದಿದೆಯೇ, ಸ್ಕೀಮಾ ಎಂದಿದೆಯೇ, ಟೇಬಲ್ ಎಂದಿದೆಯೇ, ಸೀಕ್ವೆನ್ಸ್ ಎಂದಿದೆಯೇ ಎಂಬುದನ್ನು ಓದಿದರೆ ಮೂರನೆಯ ಬಾಗಿಲೋ ನಾಲ್ಕನೆಯದೋ ತಿಳಿಯುತ್ತದೆ. ಈ ಸಂದೇಶವನ್ನು ಪದ ಬಿಡದೆ ಓದುವುದು, ಸಾಧ್ಯವಾದರೆ ಪರದೆಯ ಫೋಟೊ ತೆಗೆದು ಕಳಿಸುವಂತೆ ಸಿಬ್ಬಂದಿಗೆ ಹೇಳುವುದು, ಎಲ್ಲ ಪರಿಹಾರಕ್ಕೂ ಮೊದಲ ಹೆಜ್ಜೆ.

ತೊಂದರೆ ಏನೆಂದರೆ ಅನೇಕ ಪ್ರೋಗ್ರಾಂಗಳು ಮೂಲ ಸಂದೇಶವನ್ನು ನುಂಗಿ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂದಷ್ಟೇ ತೋರಿಸುತ್ತವೆ. ಆಗ ಸರ್ವರ್ ಘಟನೆಗಳನ್ನು ಬರೆದಿಡುವ ಲಾಗ್ ನೋಡಬೇಕು. ವಿಂಡೋಸ್‌ನಲ್ಲಿ ಸಾಮಾನ್ಯ ಇನ್‌ಸ್ಟಾಲರ್‌ನಿಂದ ಹಾಕಿದ್ದರೆ ಪೋಸ್ಟ್‌ಗ್ರೆಸ್‌ನ ಡೇಟಾ ಫೋಲ್ಡರ್‌ನೊಳಗೆ ಲಾಗ್ ಎಂಬ ಫೋಲ್ಡರ್ ಇರುತ್ತದೆ. ತಡೆಯಲ್ಪಟ್ಟ ಪ್ರಯತ್ನಗಳು ಅದರಲ್ಲಿ ತಾವಾಗಿಯೇ ದಾಖಲಾಗುತ್ತವೆ. ಯಶಸ್ವಿಯಾದ ಸಂಪರ್ಕಗಳೂ ಕಾಣಬೇಕೆಂದರೆ ‘ಲಾಗ್_ಕನೆಕ್ಷನ್ಸ್’ ಅನ್ನು ಆನ್ ಮಾಡಬೇಕು, ಮತ್ತು ಸಾಲಿನ ಆರಂಭದಲ್ಲಿ ಬಳಕೆದಾರ, ಡೇಟಾಬೇಸ್, ಕಂಪ್ಯೂಟರ್‌ನ ವಿಳಾಸ ಬರುವಂತೆ ‘ಲಾಗ್_ಲೈನ್_ಪ್ರಿಫಿಕ್ಸ್’ ಅನ್ನು ತಿದ್ದಬೇಕು. ದೋಷ ಕಂಡ ನಿಮಿಷಕ್ಕೆ ಸರಿಯಾಗಿ ಲಾಗ್‌ನಲ್ಲಿ ಒಂದು ಸಾಲೂ ಇಲ್ಲದಿದ್ದರೆ ವಿನಂತಿ ಸರ್ವರ್ ಅನ್ನು ಮುಟ್ಟಿಯೇ ಇಲ್ಲ. ಹಾಗಿದ್ದಾಗ ಡೇಟಾಬೇಸ್‌ನ ಹಕ್ಕುಗಳನ್ನು ಕೆದಕುವುದು ವ್ಯರ್ಥ. ಸೆಟ್ಟಿಂಗ್ ಫೈಲ್ ಅನ್ನೋ ಜಾಲದ ದಾರಿಯನ್ನೋ ನೋಡಬೇಕು.

ಫೈಲ್‌ನ ಬಾಗಿಲು

ಬಿಲ್ ಕೌಂಟರ್‌ನ ಮೊದಲ ಕಂಪ್ಯೂಟರ್‌ನಲ್ಲಿ ಬಿಲ್ ಪ್ರೋಗ್ರಾಂ ತೆರೆಯುತ್ತಿದ್ದಂತೆ ‘ಸೆಟ್ಟಿಂಗ್ ಫೈಲ್ ಸಿಗಲಿಲ್ಲ’ ಎಂದು ಹೇಳಿ ಮುಚ್ಚಿಕೊಳ್ಳುತ್ತಿತ್ತು. ‘ಶನಿವಾರದ ಗಂಟ ಸರಿಯಾಗೇ ಇತ್ತು ಸಾರ್’ ಎಂದು ಕೌಂಟರ್‌ನವರು ಹೇಳಿದ್ದು ನಿಜವೇ. ಫೈಲ್ ಇದ್ದಲ್ಲೇ ಇತ್ತು, ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಓದಲೂ ಬರುತ್ತಿತ್ತು. ನಾನು ಓದುವ ಅನುಮತಿ ಉಳಿಸಿ ಬರೆಯುವ ಅನುಮತಿಯನ್ನು ಮಾತ್ರ ತೆಗೆದಿದ್ದೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪ್ರೋಸೆಸ್ ಮಾನಿಟರ್ ಎಂಬ ಉಪಕರಣವನ್ನು ಹಾಕಿ, ಆ ಫೈಲ್‌ನ ಹೆಸರಿಗೆ ಮಾತ್ರ ಸೋಸಿ ನೋಡಿದಾಗ ವಿಷಯ ತಿಳಿಯಿತು. ಪ್ರೋಗ್ರಾಂ ಫೈಲ್ ಅನ್ನು ಓದುವುದಕ್ಕಷ್ಟೇ ತೆರೆಯುವ ಬದಲು ಓದು ಮತ್ತು ಬರಹ ಎರಡಕ್ಕೂ ಅನುಮತಿ ಕೇಳುತ್ತಿತ್ತು, ವಿಂಡೋಸ್ ‘ಆ್ಯಕ್ಸೆಸ್ ಡಿನೈಡ್’ ಎನ್ನುತ್ತಿತ್ತು, ಪ್ರೋಗ್ರಾಂ ಅದನ್ನು ‘ಫೈಲ್ ಸಿಗಲಿಲ್ಲ’ ಎಂದು ಅನುವಾದಿಸುತ್ತಿತ್ತು. ಇದಕ್ಕೆ ಸರಿಯಾದ ಪರಿಹಾರ ಪ್ರೋಗ್ರಾಂ ಬರೆದವರಿಂದ ಒಂದು ಸಾಲಿನ ತಿದ್ದುಪಡಿ ಪಡೆಯುವುದು. ಅದು ಬರುವವರೆಗೆ ಪ್ರತಿ ಕಂಪ್ಯೂಟರ್‌ನಲ್ಲೂ ಬಳಕೆದಾರರ ಸ್ವಂತ ಫೋಲ್ಡರ್‌ನಲ್ಲಿ ಫೈಲ್‌ನ ಪ್ರತಿಯೊಂದನ್ನು ಇಟ್ಟೆ. ಯಾರಾದರೂ ತಿದ್ದಿದರೂ ಅವರೊಬ್ಬರ ಕೆಲಸ ನಿಲ್ಲುತ್ತದೆ, ಉಳಿದ ಐವರದು ನಡೆಯುತ್ತದೆ.

ಎರಡನೆಯ ಕೌಂಟರ್‌ನಲ್ಲಿ ಕಾರಣ ಬೇರೆ. ಅಲ್ಲಿನ ಬಳಕೆದಾರರನ್ನು ಭಾನುವಾರ ಹೊಸ ಗುಂಪಿಗೆ ಸೇರಿಸಿದ್ದೆ, ಆದರೆ ಆ ಕಂಪ್ಯೂಟರ್ ಶನಿವಾರದಿಂದ ಲಾಗ್ ಆಫ್ ಆಗದೆ ನಿದ್ರೆಯ ಸ್ಥಿತಿಯಲ್ಲೇ ಇತ್ತು. ವಿಂಡೋಸ್ ಒಬ್ಬರ ಗುಂಪುಗಳ ಪಟ್ಟಿಯನ್ನು ಲಾಗಿನ್ ಆಗುವ ಕ್ಷಣದಲ್ಲಿ ಒಮ್ಮೆ ಮಾಡಿಟ್ಟುಕೊಳ್ಳುತ್ತದೆ. ನಡುವೆ ಸೇರಿಸಿದ ಗುಂಪು ಮುಂದಿನ ಲಾಗಿನ್‌ವರೆಗೆ ಲೆಕ್ಕಕ್ಕೆ ಬರುವುದಿಲ್ಲ. ಕಮಾಂಡ್ ಕಿಟಕಿಯಲ್ಲಿ ‘ಹೂಆ್ಯಮ್‌ಐ’ ಆಜ್ಞೆಯನ್ನು ಗುಂಪುಗಳ ಆಯ್ಕೆಯೊಂದಿಗೆ ಕೊಟ್ಟರೆ ಈ ಕ್ಷಣ ಚಾಲ್ತಿಯಲ್ಲಿರುವ ಗುಂಪುಗಳು ಕಾಣುತ್ತವೆ. ಹೊಸ ಗುಂಪು ಅದರಲ್ಲಿ ಇರಲಿಲ್ಲ. ಲಾಗ್ ಆಫ್ ಮಾಡಿ ಮತ್ತೆ ಬಂದೊಡನೆ ಸರಿಹೋಯಿತು.

ಹಂಚಿಕೆಯ ಫೋಲ್ಡರ್‌ಗೆ ಎರಡು ಪದರದ ಅನುಮತಿ ಇರುತ್ತದೆ: ಹಂಚಿಕೆಯದು ಒಂದು, ಡಿಸ್ಕಿನಲ್ಲಿ ಫೈಲ್‌ಗಳನ್ನು ಇಡುವ ಎನ್‌ಟಿಎಫ್‌ಎಸ್ ವ್ಯವಸ್ಥೆಯದು ಇನ್ನೊಂದು. ಜಾಲದ ಮೂಲಕ ಬರುವವರಿಗೆ ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದು ಅನ್ವಯಿಸುತ್ತದೆ. ಸರ್ವರ್‌ನ ಮುಂದೆಯೇ ಕುಳಿತವರಿಗೆ ಎನ್‌ಟಿಎಫ್‌ಎಸ್‌ನದು ಮಾತ್ರ. ಆದ್ದರಿಂದ ಸರ್ವರ್‌ನಲ್ಲಿ ಕುಳಿತು ಪರೀಕ್ಷಿಸಿ ‘ಸರಿಯಿದೆ’ ಎಂದುಕೊಳ್ಳುವುದು ಪರೀಕ್ಷೆಯೇ ಅಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಫೈಲ್‌ಗೆ ಓದುವ ಅನುಮತಿ ಮಾತ್ರ ಕೊಟ್ಟು, ಅದು ಕುಳಿತಿರುವ ಫೋಲ್ಡರ್‌ನ ಮೇಲೆ ಪೂರ್ಣ ನಿಯಂತ್ರಣ ಬಿಟ್ಟರೆ, ಬಳಕೆದಾರರು ಆ ಫೈಲ್ ಅನ್ನು ಅಳಿಸಿ ಅದೇ ಹೆಸರಿನಲ್ಲಿ ಹೊಸದನ್ನು ಇಡಬಲ್ಲರು, ಏಕೆಂದರೆ ಒಳಗಿನ ಫೈಲ್‌ಗಳನ್ನು ಅಳಿಸುವ ಹಕ್ಕು ಫೋಲ್ಡರ್‌ನ ಪೂರ್ಣ ನಿಯಂತ್ರಣದಲ್ಲೇ ಅಡಗಿದೆ. ಹಾಗೆಯೇ ಬೇರೆಡೆ ತಿದ್ದಿದ ಫೈಲ್ ಅನ್ನು ಅದೇ ಡ್ರೈವ್‌ನೊಳಗೆ ಕಟ್ ಮಾಡಿ ತಂದು ಹಾಕಿದರೆ ಅದು ಸಾಮಾನ್ಯವಾಗಿ ಹಳೆಯ ಜಾಗದ ಅನುಮತಿಗಳನ್ನೇ ಹೊತ್ತು ಬರುತ್ತದೆ. ಕಾಪಿ ಮಾಡಿ ಹಾಕಿದರೆ ಹೊಸ ಫೋಲ್ಡರ್‌ನ ಅನುಮತಿ ಪಡೆಯುತ್ತದೆ. ಬೀಗ ಹಾಕಿದ ಫೈಲ್ ಮರುದಿನ ತಾನಾಗಿಯೇ ಬಿಚ್ಚಿಕೊಂಡಂತೆ ಕಂಡರೆ ಈ ಎರಡನ್ನು ಮೊದಲು ಸಂದೇಹಿಸಬೇಕು.

ಫೈಲ್ ಅನ್ನು ಎಷ್ಟೇ ಬಿಗಿ ಮಾಡಿದರೂ ಅದರೊಳಗಿನ ಪಾಸ್‌ವರ್ಡ್ ಗುಟ್ಟಾಗಿ ಉಳಿಯುವುದಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ಪ್ರೋಗ್ರಾಂ ನಡೆಯುವುದು ಅದನ್ನು ತೆರೆದವರ ಹಕ್ಕಿನಿಂದ. ಪ್ರೋಗ್ರಾಂ ಓದಬಲ್ಲದ್ದನ್ನು ಅವರೂ ಓದಬಲ್ಲರು. ಆದ್ದರಿಂದ ಹಂಚಿಕೆಯ ಫೈಲ್‌ನಲ್ಲಿ ವಿಳಾಸ, ಪೋರ್ಟ್, ಡೇಟಾಬೇಸ್‌ನ ಹೆಸರು ಇಷ್ಟನ್ನೇ ಉಳಿಸಿ, ಬಳಕೆದಾರರ ಹೆಸರನ್ನೂ ಪಾಸ್‌ವರ್ಡ್ ಅನ್ನೂ ಅಲ್ಲಿಂದ ತೆಗೆದು, ಬಿಲ್ ಪ್ರೋಗ್ರಾಂ ತೆರೆಯುವಾಗ ಅವರವರೇ ಹಾಕುವಂತೆ ಮಾಡಿದೆ. ಪೋಸ್ಟ್‌ಗ್ರೆಸ್‌ನದೇ ಉಪಕರಣಗಳಿಗಾದರೆ ವಿಂಡೋಸ್‌ನಲ್ಲಿ ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರ್‌ನೊಳಗೆ ಪಿಜಿಪಾಸ್.ಕಾನ್ಫ್ ಎಂಬ ಸ್ವಂತ ಫೈಲ್ ಇಡಬಹುದು. ಲಿನಕ್ಸ್‌ನಲ್ಲಿ ಇದೇ ಫೈಲ್‌ನ ಅನುಮತಿ 0600, ಅಂದರೆ ಫೈಲ್‌ನ ಒಡೆಯರು ಮಾತ್ರ ಓದಿ ಬರೆಯುವಂತೆ, ಇರಬೇಕು. ಅದಕ್ಕಿಂತ ಸಡಿಲವಾಗಿದ್ದರೆ ಪೋಸ್ಟ್‌ಗ್ರೆಸ್ ಎಚ್ಚರಿಕೆಯ ಒಂದು ಸಾಲು ಹೇಳಿ ಫೈಲ್ ಅನ್ನು ಓದದೆ ಬಿಟ್ಟುಬಿಡುತ್ತದೆ. ವಿಂಡೋಸ್‌ನಲ್ಲಿ ಆ ತಪಾಸಣೆ ಇಲ್ಲದ ಕಾರಣ ಎಚ್ಚರ ನಮ್ಮದೇ.

ತೂಕದ ಕಂಪ್ಯೂಟರ್ ಮತ್ತು ಎರಡು ಡಿಎಸ್‌ಎನ್‌ಗಳು

ತೂಕದ ಜಾಗದ ಕಂಪ್ಯೂಟರ್ ಸಂಪರ್ಕದ ಸೆಟ್ಟಿಂಗ್ ಅನ್ನು ಫೈಲ್‌ನಿಂದ ಓದುವುದಿಲ್ಲ. ಪ್ರೋಗ್ರಾಂಗಳನ್ನು ಡೇಟಾಬೇಸ್‌ಗೆ ಜೋಡಿಸುವ ವಿಂಡೋಸ್‌ನ ಓಡಿಬಿಸಿ ವ್ಯವಸ್ಥೆಯಲ್ಲಿ ಹೆಸರು ಕೊಟ್ಟು ಉಳಿಸಿಟ್ಟ ಸಂಪರ್ಕದ ವಿವರದಿಂದ, ಅಂದರೆ ಸಿಸ್ಟಂ ಡಿಎಸ್‌ಎನ್‌ನಿಂದ, ಓದುತ್ತದೆ. ಭಾನುವಾರ ಅದರಲ್ಲೂ ಹೊಸ ಬಳಕೆದಾರರ ಹೆಸರು, ಹೊಸ ಪಾಸ್‌ವರ್ಡ್ ಹಾಕಿ, ‘ಟೆಸ್ಟ್’ ಗುಂಡಿ ಒತ್ತಿ, ಯಶಸ್ಸು ಎಂದು ನೋಡಿಯೇ ಎದ್ದಿದ್ದೆ. ಸೋಮವಾರ ಅದು ಹಳೆಯ ಬಳಕೆದಾರರ ಹೆಸರಿನಲ್ಲೇ ಬರುತ್ತಿರುವುದು ಸರ್ವರ್‌ನ ಲಾಗ್‌ನಲ್ಲಿ ಕಂಡಿತು. ತೂಕದ ಪ್ರೋಗ್ರಾಂ 32 ಬಿಟ್‌ನದು, ನಾನು ತಿದ್ದಿದ್ದು 64 ಬಿಟ್‌ನ ಡಿಎಸ್‌ಎನ್. 64 ಬಿಟ್ ವಿಂಡೋಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಪಟ್ಟಿಗಳಿದ್ದು, ಒಂದೇ ಹೆಸರಿನ ಎರಡು ಸಿಸ್ಟಂ ಡಿಎಸ್‌ಎನ್‌ಗಳು ಒಂದನ್ನೊಂದು ತಿಳಿಯದೆ ಇರಬಲ್ಲವು. ಇನ್ನೂ ಗೊಂದಲದ ಸಂಗತಿಯೆಂದರೆ ಸಿಸ್ಟಂ32 ಫೋಲ್ಡರ್‌ನಲ್ಲಿರುವ ಓಡಿಬಿಸಿ ವ್ಯವಸ್ಥಾಪಕ 64 ಬಿಟ್‌ನದು, ಸಿಸ್‌ವಾವ್64 ಫೋಲ್ಡರ್‌ನಲ್ಲಿರುವುದು 32 ಬಿಟ್‌ನದು. ಹೆಸರಿಗೂ ಕೆಲಸಕ್ಕೂ ತಿರುಗುಮುರುಗು. ಎರಡನೆಯದನ್ನು ತೆರೆದಾಗ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಅಲ್ಲೇ ಕುಳಿತಿದ್ದವು.

ಅದನ್ನು ತಿದ್ದಿದ ಮೇಲೂ ಕೆಲಸ ಮುಗಿಯಲಿಲ್ಲ, ಹೊಸ ದೋಷ ಬಂತು. ಈ ಬಾರಿ ‘ಅಥೆಂಟಿಕೇಷನ್ ಮೆಥಡ್ 10 ನಾಟ್ ಸಪೋರ್ಟೆಡ್’ ಎಂಬ ಸಂದೇಶ. ತಿದ್ದಿದ ಮೇಲೆ ಬೇರೆ ದೋಷ ಕಂಡಿತೆಂದರೆ ಒಂದು ಹೆಜ್ಜೆ ಮುಂದೆ ಬಂದಿದ್ದೇವೆ ಎಂದೇ ತಿಳಿಯಬೇಕು. ಗಾಬರಿಯಿಂದ ಹಿಂದಿನ ಬದಲಾವಣೆಯನ್ನು ಕಿತ್ತುಹಾಕಬಾರದು. ಪೋಸ್ಟ್‌ಗ್ರೆಸ್ 14ನೇ ಆವೃತ್ತಿಯಿಂದ ಹೊಸ ಪಾಸ್‌ವರ್ಡ್‌ಗಳನ್ನು ಸಹಜವಾಗಿಯೇ ಸ್ಕ್ರಾಮ್ ಎಂಬ ವಿಧಾನದಲ್ಲಿ ಇಡುತ್ತದೆ. ಅದಕ್ಕೂ ಹಿಂದೆ ಎಂಡಿ5 ವಿಧಾನವಿತ್ತು. ಹಳೆಯ ಖಾತೆಯ ಪಾಸ್‌ವರ್ಡ್ ಹಳೆಯ ಆವೃತ್ತಿಯ ಕಾಲದಲ್ಲೇ ಇಟ್ಟಿದ್ದರಿಂದ, ಸರ್ವರ್ ಅನ್ನು ಮೇಲ್ದರ್ಜೆಗೇರಿಸಿದ ಮೇಲೂ ಅದು ಎಂಡಿ5 ರೂಪದಲ್ಲೇ ಉಳಿದಿತ್ತು ಮತ್ತು ತೂಕದ ಕಂಪ್ಯೂಟರ್‌ನ ಹಳೆಯ ಓಡಿಬಿಸಿ ಡ್ರೈವರ್‌ಗೆ ಅದು ಅರ್ಥವಾಗುತ್ತಿತ್ತು. ಹೊಸ ಖಾತೆಯ ಪಾಸ್‌ವರ್ಡ್ ಸ್ಕ್ರಾಮ್ ಆಗಿದ್ದರಿಂದ ಆ ಡ್ರೈವರ್ ಕೈಚೆಲ್ಲಿತು. 32 ಬಿಟ್‌ನ ಹೊಸ ಡ್ರೈವರ್ ಹಾಕಿದೊಡನೆ ಸಂಪರ್ಕ ಬಂತು. ಪಾಸ್‌ವರ್ಡ್ ಅನ್ನೇ ಎಂಡಿ5ಗೆ ಇಳಿಸಿ ಕೆಲಸ ಸಾಗಿಸುವ ದಾರಿಯೂ ಇದೆ, ಆದರೆ ಆ ವಿಧಾನ ದುರ್ಬಲ, ಪೋಸ್ಟ್‌ಗ್ರೆಸ್‌ನವರೇ ಅದನ್ನು ಕೈಬಿಡುವ ಹಾದಿಯಲ್ಲಿದ್ದಾರೆ. ನಾನು ಅದನ್ನು ಸಲಹೆ ಮಾಡುವುದಿಲ್ಲ.

ಇದರ ತದ್ವಿರುದ್ಧ ಸ್ಥಿತಿಯೂ ಉಂಟು. ನಿಯಮಗಳ ಫೈಲ್‌ನಲ್ಲಿ ಸ್ಕ್ರಾಮ್ ಎಂದು ಬರೆದು, ಖಾತೆಯ ಪಾಸ್‌ವರ್ಡ್ ಮಾತ್ರ ಎಂಡಿ5 ರೂಪದಲ್ಲೇ ಉಳಿದಿದ್ದರೆ, ಪಾಸ್‌ವರ್ಡ್ ಸರಿಯಾಗಿ ಹಾಕಿದರೂ ‘ಪಾಸ್‌ವರ್ಡ್ ಅಥೆಂಟಿಕೇಷನ್ ಫೇಲ್ಡ್’ ಎಂದೇ ಬರುತ್ತದೆ. ಬಳಕೆದಾರರು ಹತ್ತು ಸಲ ಅದೇ ಪಾಸ್‌ವರ್ಡ್ ಒತ್ತಿ ಬೇಸರಪಡುತ್ತಾರೆ. ನಿಜವಾದ ಕಾರಣ, ಅಂದರೆ ಆ ಬಳಕೆದಾರರಿಗೆ ಸರಿಯಾದ ಸ್ಕ್ರಾಮ್ ಗುಟ್ಟು ಇಲ್ಲವೆಂಬುದು, ಸರ್ವರ್‌ನ ಲಾಗ್‌ನಲ್ಲಿ ಮಾತ್ರ ಬರೆದಿರುತ್ತದೆ. ಆ ಹೆಸರಿನ ಖಾತೆಯೇ ಇಲ್ಲದಿದ್ದಾಗಲೂ ಬಳಕೆದಾರರಿಗೆ ಕಾಣುವ ಸಂದೇಶ ಇದೇ. ಹೆಸರು ಊಹಿಸಿ ಬರುವವರಿಗೆ ಸುಳಿವು ಸಿಗಬಾರದೆಂದು ಸರ್ವರ್ ಉದ್ದೇಶಪೂರ್ವಕವಾಗಿ ಹಾಗೆ ಮಾಡುತ್ತದೆ.

ತೂಕದ ಕಂಪ್ಯೂಟರ್‌ನಲ್ಲಿ ಪ್ರತಿ ಗಾಡಿಗೂ ಯಾರಾದರೂ ಪಾಸ್‌ವರ್ಡ್ ಹಾಕುತ್ತಾ ಕುಳಿತಿರಲು ಸಾಧ್ಯವಿಲ್ಲ. ಆದ್ದರಿಂದ ಪಾಸ್‌ವರ್ಡ್ ಡಿಎಸ್‌ಎನ್‌ನಲ್ಲಿಯೇ ಇರುತ್ತದೆ, ಮತ್ತು ರಿಜಿಸ್ಟ್ರಿ ಓದಬಲ್ಲವರು ಅದನ್ನು ಓದಬಲ್ಲರು. ಅಡಗಿಸಲು ಆಗದ ಪಾಸ್‌ವರ್ಡ್‌ಗೆ ಕೊಡುವ ಹಕ್ಕನ್ನೇ ಇಳಿಸಬೇಕು: ತೂಕದ ಕೋಷ್ಟಕಕ್ಕೆ ಹೊಸ ಸಾಲು ಸೇರಿಸುವ ಹಕ್ಕಲ್ಲದೆ ಆ ಖಾತೆಗೆ ಬೇರೇನೂ ಇರಬಾರದೆಂದು ನಾನು ನಿರ್ಧರಿಸಿದೆ. ಸಂಪರ್ಕ ಬಂದ ಮೇಲೆ ಮೊದಲ ಗಾಡಿ ತಟ್ಟೆಯ ಮೇಲೆ ನಿಂತಿತು, ತೂಕ ಪರದೆಯ ಮೇಲೆ ಬಂತು, ಉಳಿಸಿ ಎಂಬ ಗುಂಡಿ ಒತ್ತಿದಾಗ ‘ಪರ್ಮಿಷನ್ ಡಿನೈಡ್ ಫಾರ್ ಟೇಬಲ್’ ಎಂದಿತು.     ಸಾಲು ಸೇರಿಸುವ ಹಕ್ಕು ಕೊಟ್ಟಾಗಿದೆ, ಆದರೂ ನಿರಾಕರಣೆ. ಪ್ರೋಗ್ರಾಂ ಸಾಲು ಸೇರಿಸಿದೊಡನೆ ಅದಕ್ಕೆ ಸಿಕ್ಕ ಕ್ರಮಸಂಖ್ಯೆಯನ್ನು ‘ರಿಟರ್ನಿಂಗ್’ ಎಂಬ ಪದದಿಂದ ವಾಪಸ್ ಕೇಳಿ ಚೀಟಿಯ ಮೇಲೆ ಅಚ್ಚು ಹಾಕುತ್ತದೆ. ಹೀಗೆ ವಾಪಸ್ ಕೇಳುವುದು ಓದಿದಂತೆಯೇ ಆದ್ದರಿಂದ ಆ ಕಾಲಂ ಓದುವ ಹಕ್ಕೂ ಬೇಕು. ಇಡೀ ಕೋಷ್ಟಕವನ್ನು ಓದುವ ಹಕ್ಕು ಕೊಡದೆ, ಕ್ರಮಸಂಖ್ಯೆಯ ಒಂದು ಕಾಲಂಗೆ ಮಾತ್ರ ಕೊಟ್ಟೆ. ಈಗ ‘ಪರ್ಮಿಷನ್ ಡಿನೈಡ್ ಫಾರ್ ಸೀಕ್ವೆನ್ಸ್’ ಎಂದಿತು. ಚೀಟಿಯ ಕ್ರಮಸಂಖ್ಯೆಯ ಕಾಲಂ ಹಳೆಯ ಸೀರಿಯಲ್ ಬಗೆಯದು. ಅಂಥ ಕಾಲಂಗೆ ಸಂಖ್ಯೆ ಕೊಡುವ ಸೀಕ್ವೆನ್ಸ್‌ನ ಮೇಲೆ ಬಳಕೆಯ ಹಕ್ಕನ್ನು ಬೇರೆಯಾಗಿ ಕೊಡಬೇಕು. ಅದನ್ನೂ ಕೊಟ್ಟೆ. ಮುದ್ರಣ ಯಂತ್ರದಿಂದ ಚೀಟಿ ಹೊರಬಂದಾಗ ಗಾಡಿಯ ಬಳಿ ನಿಂತಿದ್ದ ರೈತರು ಅರ್ಧ ಗಂಟೆಗೂ ಮೀರಿ ಕಾದಿದ್ದರು. ಈ ಎರಡನ್ನೂ ಭಾನುವಾರವೇ ಒಂದು ಖಾಲಿ ತೂಕ ಹಾಕಿ ಪರೀಕ್ಷಿಸಿದ್ದರೆ ಅವರು ಕಾಯಬೇಕಾಗಿರಲಿಲ್ಲ.

ನಿಯಮಗಳ ಫೈಲ್‌ನಲ್ಲಿ ಸಾಲುಗಳ ಕ್ರಮ

ಪಿಜಿ_ಎಚ್‌ಬಿಎ.ಕಾನ್ಫ್ ಅನ್ನು ಸರ್ವರ್ ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಹೊಂದಿದ ಸಾಲೇ ಅಂತಿಮ. ಆ ಸಾಲಿನಲ್ಲಿ ಪಾಸ್‌ವರ್ಡ್ ತಪ್ಪಿದರೆ ಮುಂದಿನ ಸಾಲಿಗೆ ಹೋಗಿ ನೋಡುವುದಿಲ್ಲ. ನಾನು ಹೊಸ ಬಿಗಿ ನಿಯಮಗಳನ್ನು ಫೈಲ್‌ನ ಕೊನೆಯಲ್ಲಿ ಸೇರಿಸಿದ್ದೆ. ಮೇಲ್ಗಡೆ 192.168.1.0/24 ಎಂಬ ಇಡೀ ಕಚೇರಿಯ ವಿಳಾಸಗಳಿಗೆ ಎಲ್ಲ ಡೇಟಾಬೇಸ್‌ಗಳನ್ನೂ ಎಲ್ಲ ಬಳಕೆದಾರರಿಗೆ ತೆರೆದಿಟ್ಟ ಹಳೆಯ ಸಾಲು ಹಾಗೆಯೇ ಇತ್ತು. ನನ್ನ ಹೊಸ ಸಾಲುಗಳವರೆಗೆ ಒಬ್ಬರೂ ಇಳಿದು ಬರಲಿಲ್ಲ. ಇಂಥ ದೋಷದಲ್ಲಿ ಯಾವ ಸಂದೇಶವೂ ಬರುವುದಿಲ್ಲ, ಎಲ್ಲರ ಕೆಲಸವೂ ನಡೆಯುತ್ತದೆ, ಆದ್ದರಿಂದಲೇ ಇದು ಹೆಚ್ಚು ಅಪಾಯದ್ದು. ಬೀಗ ಹಾಕಿದ ಮೇಲೆ ‘ಬರಬೇಕಾದವರು ಬರುತ್ತಾರೆಯೇ’ ಎಂದು ನೋಡುವಷ್ಟೇ ಶ್ರದ್ಧೆಯಿಂದ ‘ಬರಬಾರದವರು ನಿಲ್ಲುತ್ತಾರೆಯೇ’ ಎಂದೂ ನೋಡಬೇಕು.

ಫೈಲ್ ತಿದ್ದಿದ ಮೇಲೆ ಲಿನಕ್ಸ್‌ನಲ್ಲಿ ಸರ್ವರ್‌ಗೆ ಮರು ಓದುವಂತೆ ಹೇಳಬೇಕು. ವಿಂಡೋಸ್‌ನಲ್ಲಿ ಹಾಗಲ್ಲ, ಫೈಲ್ ಉಳಿಸಿದ ಕ್ಷಣದಿಂದಲೇ ಮುಂದಿನ ಹೊಸ ಸಂಪರ್ಕಗಳಿಗೆ ಅದು ಅನ್ವಯಿಸುತ್ತದೆ. ಅರ್ಧ ಬರೆದು ಉಳಿಸಿ ಚಹಾಕ್ಕೆ ಎದ್ದು ಹೋಗುವಂತಿಲ್ಲ. ಉಳಿಸಿದ ಮೇಲೆ ‘ಪಿಜಿ_ಎಚ್‌ಬಿಎ_ಫೈಲ್_ರೂಲ್ಸ್’ ಎಂಬ ಸಿದ್ಧ ಪಟ್ಟಿಯನ್ನು ಓದಿದರೆ ಪ್ರತಿ ಸಾಲೂ ಹೇಗೆ ಅರ್ಥವಾಗಿದೆ, ಯಾವ ಸಾಲಿನಲ್ಲಿ ಬರಹದ ದೋಷವಿದೆ ಎಂಬುದು ತಿಳಿಯುತ್ತದೆ.

ಕಿತ್ತುಕೊಂಡ ಹಕ್ಕು ಉಳಿದೇ ಇದ್ದದ್ದು

ಹಿಂದಿನ ವರ್ಷಗಳ ಲೆಕ್ಕ ಬೇರೊಂದು ಡೇಟಾಬೇಸ್‌ನಲ್ಲಿದೆ. ಅದನ್ನು ಸಾಹುಕಾರರು ಮಾತ್ರ ನೋಡಬೇಕು. ಕೌಂಟರ್‌ನ ಖಾತೆಯಿಂದ ಅದರ ಕನೆಕ್ಟ್ ಹಕ್ಕನ್ನು ‘ರಿವೋಕ್’ ಆಜ್ಞೆಯಿಂದ ತೆಗೆದೆ. ಆಜ್ಞೆ ತಕರಾರಿಲ್ಲದೆ ನಡೆಯಿತು, ಆದರೆ ಕೌಂಟರ್‌ನಿಂದ ಆ ಡೇಟಾಬೇಸ್ ತೆರೆಯುತ್ತಲೇ ಇತ್ತು.

ಇದರ ಕಾರಣವನ್ನು ಪ್ರತಿಯೊಬ್ಬ ನಿರ್ವಾಹಕರೂ ತಿಳಿದಿರಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಹೊಸ ಡೇಟಾಬೇಸ್ ಹುಟ್ಟಿದಾಗಲೇ ಅದರ ಕನೆಕ್ಟ್ ಹಕ್ಕು ‘ಪಬ್ಲಿಕ್’ಗೆ, ಅಂದರೆ ಇರುವ ಮತ್ತು ಮುಂದೆ ಬರುವ ಎಲ್ಲ ಖಾತೆಗಳಿಗೂ, ಸಿಕ್ಕಿರುತ್ತದೆ. ಕೌಂಟರ್‌ನ ಖಾತೆಗೆಂದು ನಾನು ಎಂದೂ ಪ್ರತ್ಯೇಕವಾಗಿ ಕೊಡದಿದ್ದ ಹಕ್ಕನ್ನು ನಾನು ಹಿಂದಕ್ಕೆ ಪಡೆದೆ. ಪಬ್ಲಿಕ್ ಮೂಲಕ ಬಂದದ್ದು ಹಾಗೇ ಉಳಿಯಿತು. ಪೋಸ್ಟ್‌ಗ್ರೆಸ್‌ನಲ್ಲಿ ವಿಂಡೋಸ್‌ನಂತೆ ‘ನಿರಾಕರಿಸು’ ಎಂಬ ಗುರುತು ಇಲ್ಲ, ಕೊಟ್ಟದ್ದನ್ನು ಹಿಂಪಡೆಯುವುದಷ್ಟೇ ಇದೆ. ಹಾಗಾಗಿ ಮೊದಲು ಪಬ್ಲಿಕ್‌ನಿಂದ ಕನೆಕ್ಟ್ ಹಕ್ಕನ್ನು ತೆಗೆದು, ಬಳಿಕ ಬೇಕಾದ ಖಾತೆಗೆ ಮಾತ್ರ ಹೆಸರು ಹೇಳಿ ಕೊಡಬೇಕು. ಡೇಟಾಬೇಸ್‌ಗಳ ಪಟ್ಟಿ ನೋಡುವಾಗ ಹಕ್ಕುಗಳ ಕಾಲಂ ಖಾಲಿಯಿದ್ದರೆ ‘ಯಾರಿಗೂ ಹಕ್ಕಿಲ್ಲ’ ಎಂದು ಓದಿಕೊಳ್ಳುವವರಿದ್ದಾರೆ. ಖಾಲಿಯೆಂದರೆ ಹುಟ್ಟಿನಿಂದ ಬಂದ ಹಕ್ಕುಗಳು ಬದಲಾಗದೆ ಇವೆ, ಅಂದರೆ ಎಲ್ಲರಿಗೂ ತೆರೆದಿದೆ ಎಂದು ಅರ್ಥ. ಕಣ್ಣಂದಾಜಿನ ಬದಲು ‘ಹ್ಯಾಸ್_ಡೇಟಾಬೇಸ್_ಪ್ರಿವಿಲೇಜ್’ ಎಂಬ ಫಂಕ್ಷನ್‌ಗೆ ಖಾತೆಯ ಹೆಸರು, ಡೇಟಾಬೇಸ್‌ನ ಹೆಸರು, ಹಕ್ಕಿನ ಹೆಸರು ಕೊಟ್ಟು ಕೇಳಿದರೆ ಹೌದು ಅಥವಾ ಇಲ್ಲ ಎಂದು ಸರ್ವರೇ ಉತ್ತರಿಸುತ್ತದೆ.

ಇಷ್ಟಾದ ಮೇಲೂ ಒಂದು ಕೌಂಟರ್‌ನಲ್ಲಿ ಹಳೆಯ ಲೆಕ್ಕ ಕಾಣುತ್ತಿತ್ತು. ಕನೆಕ್ಟ್ ಹಕ್ಕನ್ನು ಸರ್ವರ್ ಪರಿಶೀಲಿಸುವುದು ಸಂಪರ್ಕ ಆರಂಭವಾಗುವಾಗ ಮಾತ್ರ. ಬೆಳಿಗ್ಗೆಯೇ ಒಳಗೆ ಬಂದು ಕುಳಿತ ಸಂಪರ್ಕವನ್ನು ಅದು ಹೊರಗೆ ಕಳಿಸುವುದಿಲ್ಲ. ಈ ಕ್ಷಣದ ಸಂಪರ್ಕಗಳನ್ನು ತೋರಿಸುವ ‘ಪಿಜಿ_ಸ್ಟಾಟ್_ಆ್ಯಕ್ಟಿವಿಟಿ’ಯಲ್ಲಿ ಆ ಕಂಪ್ಯೂಟರ್‌ನ ವಿಳಾಸ ಹುಡುಕಿ, ಆ ಒಂದು ಸಂಪರ್ಕವನ್ನು ಕೊನೆಗೊಳಿಸಿದಾಗ ಮತ್ತೆ ಬರಲು ಅದಕ್ಕೆ ಆಗಲಿಲ್ಲ. ಕೋಷ್ಟಕದ ಹಕ್ಕುಗಳ ವಿಷಯ ಹಾಗಲ್ಲ. ಅವನ್ನು ಪ್ರತಿ ಪ್ರಶ್ನೆಗೂ ಪರಿಶೀಲಿಸಲಾಗುತ್ತದೆ.

ಲೆಕ್ಕಪತ್ರದ ಕೋಣೆಯ ದೋಷ ಮಾತ್ರ ಆ ಸೋಮವಾರ ಬರಲಿಲ್ಲ, ಏಪ್ರಿಲ್ 1ರಂದು ಬಂತು. ಬಿಲ್ ಪ್ರೋಗ್ರಾಂ ಪ್ರತಿ ಆರ್ಥಿಕ ವರ್ಷಕ್ಕೂ ಹೊಸ ಕೋಷ್ಟಕ ಮಾಡಿಕೊಳ್ಳುತ್ತದೆ. ನಾನು ಸ್ಕೀಮಾದ ಎಲ್ಲ ಕೋಷ್ಟಕಗಳನ್ನು ಓದುವ ಹಕ್ಕನ್ನು ಲೆಕ್ಕಪತ್ರದ ಗುಂಪಿಗೆ ಕೊಟ್ಟಿದ್ದೆನಾದರೂ, ಆ ಆಜ್ಞೆಯಲ್ಲಿ ‘ಎಲ್ಲ’ ಎಂದರೆ ಆ ಕ್ಷಣದಲ್ಲಿ ಇದ್ದವು ಎಂದಷ್ಟೇ ಅರ್ಥ. ಮುಂದೆ ಹುಟ್ಟುವ ಕೋಷ್ಟಕಗಳಿಗೂ ಹಕ್ಕು ತಾನಾಗಿ ಬರಬೇಕಾದರೆ ‘ಆಲ್ಟರ್ ಡೀಫಾಲ್ಟ್ ಪ್ರಿವಿಲೇಜಸ್’ ಬೇಕು. ಅದನ್ನು ಅವಸರದಲ್ಲಿ ನನ್ನ ನಿರ್ವಾಹಕ ಖಾತೆಯಿಂದ ಕೊಟ್ಟು ಮತ್ತೊಮ್ಮೆ ಎಡವಿದೆ. ಆ ಆಜ್ಞೆ ಅನ್ವಯಿಸುವುದು ನಿರ್ದಿಷ್ಟ ಖಾತೆಯೊಂದು ಮುಂದೆ ಸೃಷ್ಟಿಸುವ ಕೋಷ್ಟಕಗಳಿಗೆ. ಹೆಸರು ಹೇಳದಿದ್ದರೆ ಆಜ್ಞೆ ಕೊಟ್ಟವರದೇ ಖಾತೆಗೆ. ಕೋಷ್ಟಕ ಸೃಷ್ಟಿಸುವುದು ಬಿಲ್ ಪ್ರೋಗ್ರಾಂನ ಖಾತೆ, ಆದ್ದರಿಂದ ‘ಫಾರ್ ರೋಲ್’ ಎಂದು ಆ ಖಾತೆಯ ಹೆಸರು ಸೇರಿಸಿ ಕೊಡಬೇಕಾಗಿತ್ತು. 14ನೇ ಆವೃತ್ತಿಯಿಂದ ‘ಪಿಜಿ_ರೀಡ್_ಆಲ್_ಡೇಟಾ’ ಎಂಬ ಸಿದ್ಧ ಪಾತ್ರವೊಂದಿದೆ (ಪಾತ್ರ ಅಥವಾ ‘ರೋಲ್’ ಎಂದರೆ ಹಕ್ಕುಗಳನ್ನು ಹೊತ್ತ ಖಾತೆ ಅಥವಾ ಗುಂಪು), ಅದನ್ನು ಕೊಟ್ಟರೆ ಈ ತೊಡಕೇ ಇಲ್ಲ. ಆದರೆ ಅದು ನಿಜಕ್ಕೂ ಎಲ್ಲವನ್ನೂ ಓದಿಸುತ್ತದೆ. ಸಾಹುಕಾರರ ವರದಿಗೆ ಅದು ಸರಿ, ಉಳಿದವರಿಗೆ ಕೊಡಬಾರದು ಎಂಬುದು ನನ್ನ ನಿಲುವು.

ಹಳೆಯ ಖಾತೆಯನ್ನು ಮುಚ್ಚುವುದು

ಇಂಥ ಬೆಳಗಿನಲ್ಲಿ ಹಿಂದೆ ಸಾಲು ನಿಂತಿರುವಾಗ, ಫೋಲ್ಡರ್‌ಗೆ ‘ಎವ್ರಿವನ್’ ಎಂದು ಪೂರ್ಣ ನಿಯಂತ್ರಣ ಕೊಟ್ಟುಬಿಡೋಣ, ಎಲ್ಲ ಖಾತೆಗೂ ಸೂಪರ್‌ಯೂಸರ್ ಹಕ್ಕು ಕೊಟ್ಟುಬಿಡೋಣ ಎನಿಸುವುದು ಸಹಜ. ಸೂಪರ್‌ಯೂಸರ್‌ಗೆ ಕೋಷ್ಟಕ, ಸ್ಕೀಮಾಗಳ ಹಕ್ಕಿನ ಯಾವ ತಪಾಸಣೆಯೂ ಇಲ್ಲದ ಕಾರಣ ದೋಷ ಮಾಯವಾಗುತ್ತದೆ, ಅದರೊಂದಿಗೆ ಕಾರಣದ ಸುಳಿವೂ ಮಾಯವಾಗುತ್ತದೆ. ಕೆಲಸ ತುರ್ತಾಗಿ ಸಾಗಲೇಬೇಕಿದ್ದರೆ ಹಳೆಯ ಖಾತೆಯನ್ನೇ ಆ ಒಂದು ಕಂಪ್ಯೂಟರ್‌ಗೆ ಆ ದಿನದ ಮಟ್ಟಿಗೆ ಮರಳಿ ಕೊಡುವುದು ಲೇಸು. ಅದನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಬೇಕು.

ಎಲ್ಲರ ಬಳಿಯೂ ಇದ್ದ ಹಳೆಯ ಪಾಸ್‌ವರ್ಡ್ ಕೆಲಸ ಮಾಡುವವರೆಗೆ ಮೇಲಿನ ಯಾವ ಬೀಗಕ್ಕೂ ಬೆಲೆಯಿಲ್ಲ, ಆದ್ದರಿಂದ ಆ ಖಾತೆಯನ್ನು ಕೊನೆಗೆ ಮುಚ್ಚಲೇಬೇಕು. ಆದರೆ ಕೋಷ್ಟಕಗಳ ಒಡೆತನ ಅದರ ಹೆಸರಿನಲ್ಲಿದ್ದರೆ ಅಳಿಸಲು ಸರ್ವರ್ ಒಪ್ಪುವುದಿಲ್ಲ, ಒಡೆಯನಾಗಿರುವ ಖಾತೆಯಿಂದ ಹಕ್ಕು ಕಿತ್ತುಕೊಂಡರೂ ಅದು ತನಗೆ ತಾನೇ ಮತ್ತೆ ಕೊಟ್ಟುಕೊಳ್ಳಬಲ್ಲದು. ‘ರೀಅಸೈನ್ ಓನ್ಡ್’ ಆಜ್ಞೆಯಿಂದ ಒಡೆತನವನ್ನು, ಲಾಗಿನ್ ಆಗಲು ಬಾರದ ಬೇರೊಂದು ಪಾತ್ರಕ್ಕೆ ವರ್ಗಾಯಿಸಿ, ಕೋಷ್ಟಕ ಮಾಡುವ ಬಿಲ್ ಪ್ರೋಗ್ರಾಂನ ಖಾತೆಯನ್ನು ಆ ಪಾತ್ರದ ಸದಸ್ಯನನ್ನಾಗಿ ಮಾಡಿದೆ. ಈ ಆಜ್ಞೆಯನ್ನು ಪ್ರತಿ ಡೇಟಾಬೇಸ್‌ನಲ್ಲೂ ಪ್ರತ್ಯೇಕವಾಗಿ ಕೊಡಬೇಕು.

ಬಳಿಕ ಖಾತೆಯನ್ನು ಅಳಿಸದೆ, ಒಂದು ತಿಂಗಳು ಲಾಗ್‌ನಲ್ಲಿ ಅದರ ಹೆಸರು ಎಲ್ಲೆಲ್ಲಿಂದ ಬರುತ್ತಿದೆ ಎಂದು ಬರೆದಿಟ್ಟುಕೊಂಡೆ. ಮೊದಲ ವಾರದಲ್ಲೇ ಆರು ಕಂಪ್ಯೂಟರ್‌ಗಳೂ ಪಟ್ಟಿಯಿಂದ ಮಾಯವಾದವು. ತಿಂಗಳ ಕೊನೆಯ ದಿನ ಏಳನೆಯದೊಂದು ವಿಳಾಸ ಕಾಣಿಸಿತು. ತಿಂಗಳಿಗೊಮ್ಮೆ ಬಂದು ಲೆಕ್ಕ ತೆಗೆದುಕೊಂಡು ಹೋಗುವ ಲೆಕ್ಕಪರಿಶೋಧಕರ ಲ್ಯಾಪ್‌ಟಾಪ್ ಅದು, ಅದರ ಎಕ್ಸೆಲ್‌ನಲ್ಲಿ ಯಾವ ಕಾಲದಲ್ಲೋ ಯಾರೋ ಆ ಪಾಸ್‌ವರ್ಡ್ ಹಾಕಿಕೊಟ್ಟಿದ್ದರು. ಅವರಿಗೆ ಓದುವ ಹಕ್ಕಷ್ಟೇ ಇರುವ ಹೊಸ ಖಾತೆ ಮಾಡಿಕೊಟ್ಟು, ಅಂದು ಸಂಜೆ ಮಂಡಿಯ ಬಾಗಿಲು ಹಾಕಿದ ಮೇಲೆ ಹಳೆಯ ಖಾತೆಗೆ ‘ನೋಲಾಗಿನ್’ ಹಾಕಿದೆ. ಅಗತ್ಯ ಬಿದ್ದರೆ ಒಂದೇ ಆಜ್ಞೆಯಿಂದ ಅದನ್ನು ಮರಳಿ ತೆರೆಯಬಹುದು. ಮರುದಿನ ಬೆಳಿಗ್ಗೆ ಮೊದಲ ಗಾಡಿ ತೂಕಕ್ಕೆ ಬರುವ ಮುಂಚೆಯೇ ಹೋಗಿ ಲಾಗ್ ತೆರೆದು ಕುಳಿತೆ. ಹನ್ನೊಂದು ಗಂಟೆಯವರೆಗೆ ಹಳೆಯ ಹೆಸರಿನಲ್ಲಿ ಒಂದು ಸಾಲೂ ಬರಲಿಲ್ಲ.